ನೈಜರ್ ಡೆಲ್ಟಾದ ಊರುಗಳ ಪಾಲು

ನೈಜೀರಿಯಾದಲ್ಲಿ ನೈಜರ್ ನದಿ ಸಮುದ್ರ ಸೇರುವ ಪ್ರದೇಶವಾದ ನೈಜರ್ ಡೆಲ್ಟಾ ಬಗ್ಗೆ ಓದಿದಾಗಿನಿಂದ ಮನಸ್ಸು ಅಲ್ಲೇ ಇದೆ. 1956ರಲ್ಲಿ ಒಲೊಯಿಬಿರಿ ಅನ್ನುವ ಊರಲ್ಲಿ ತೈಲ ಸಿಕ್ಕಿತು. ಮೀನು ಹಿಡಿದು, ಬೆಳೆ ಬೆಳೆದು ಬದುಕುತ್ತಿದ್ದ ಜನ. ತೈಲ ಸೋರಿ ಹೊಳೆ, ಹೊಲ ಎರಡೂ ಕೆಟ್ಟವು. ಇದನ್ನು ಪ್ರಶ್ನಿಸಿದ ಅಲ್ಲಿನ ಬರಹಗಾರ, ಹೋರಾಟಗಾರ ಕೆನ್ ಸಾರೊ-ವಿವಾ ಅವರನ್ನು ಮಿಲಿಟರಿ ಸರ್ಕಾರ 1995ರಲ್ಲಿ ಗಲ್ಲಿಗೇರಿಸಿತು. ಮುಂದೆ ಅಲ್ಲಿನ ಹುಡುಗರು ಸರ್ಕಾರ, ತೈಲ ಕಂಪನಿಗಳ ವಿರುದ್ಧ ಬಂದೂಕು ಹಿಡಿದರು. 2009ರಲ್ಲಿ ಕ್ಷಮಾದಾನ ಬಂತು, ಆಯುಧ ಬಿಟ್ಟವರಿಗೆ ತಿಂಗಳ ಭತ್ಯೆ, ತರಬೇತಿ ಸಿಕ್ಕಿತು. ಆಯುಧವನ್ನೇ ಮುಟ್ಟದ ಮೀನುಗಾರರಿಗೆ?

ಈ ಡೆಲ್ಟಾಕ್ಕೆ ಅಂತಲೇ ಸರ್ಕಾರದ ಅಭಿವೃದ್ಧಿ ಆಯೋಗವೊಂದು 2000ದಿಂದಲೂ ಇದೆ. ಅರ್ಧಕ್ಕೆ ಬಿಟ್ಟ ಕಾಮಗಾರಿಗಳು 13 ಸಾವಿರಕ್ಕೂ ಜಾಸ್ತಿ ಅಂತ ಆಗಿನ ಅಧ್ಯಕ್ಷ ಬುಹಾರಿ ಅವರೇ 2021ರಲ್ಲಿ ಹೇಳಿದರು. ಅದೇ ವರ್ಷ ಹೊಸ ಪೆಟ್ರೋಲಿಯಂ ಕಾಯ್ದೆ ಬಂತು. ಅದರ ಪ್ರಕಾರ ತೈಲ ಕಂಪನಿಗಳು ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ಶೇ 3ರಷ್ಟನ್ನು ಊರಿನವರ ಟ್ರಸ್ಟಿಗೆ ಕೊಡಬೇಕು. ಇದು ಒಳ್ಳೆಯದೇ. ಆದರೆ ಆ ಊರಲ್ಲಿ ಯಾರಾದರೂ ಪೈಪ್‌ಲೈನ್ ಒಡೆದರೆ ರಿಪೇರಿ ಖರ್ಚನ್ನು ಅದೇ ದುಡ್ಡಿನಿಂದ ಕಳೆಯುತ್ತಾರೆ. ಒಡೆದವರು ನಾಲ್ಕು ಜನ ಇರಬಹುದು, ಶಾಲೆ, ಕುಡಿಯುವ ನೀರು ತಪ್ಪುವುದು ಇಡೀ ಊರಿಗೆ ಅಲ್ವಾ? ಈ ಒಂದು ಷರತ್ತನ್ನಾದರೂ ತೆಗೆಯಬೇಕು. ಟ್ರಸ್ಟಿನ ಸಭೆಯಲ್ಲಿ ಮೀನು ಮಾರುವ ಹೆಂಗಸರಿಗೂ ಜಾಗ ಕೊಡಬೇಕು.