ಕಿಲ್ಲಾರಿ ಕಲ್ಲುಮನೆಯ ಮಾದರಿ: ಗೋಡೆ ಲಿಂಟಲ್ ಮಟ್ಟಕ್ಕೆ ಬಂತು

ಪುಣೆಯ ನಮ್ಮ ಬಾಲ್ಕನಿಯಲ್ಲಿ ಕಟ್ಟುತ್ತಿರುವ ಮಾದರಿ ಮನೆಗೆ ಈ ವಾರ ಲಿಂಟಲ್ ಪಟ್ಟಿ, ಅಂದರೆ ಬಾಗಿಲು-ಕಿಟಕಿಗಳ ಮೇಲೆ ಗೋಡೆ ಸುತ್ತ ಬರುವ ಪಟ್ಟಿ, ಬಿತ್ತು. ಅಳತೆ ಹತ್ತಕ್ಕೆ ಒಂದು. ಎರಡಡಿ ದಪ್ಪದ ಗೋಡೆ ಇಲ್ಲಿ ಆರು ಸೆಂಟಿಮೀಟರ್.

ಹೊಸದಾಗಿ ಓದುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ, ಕಿಲ್ಲಾರಿ ಎಂಬ ಊರಿನ ಸುತ್ತ ಭೂಮಿ ನಡುಗಿತು. ತೀವ್ರತೆ 6.2. ಹತ್ತಿರ ಹತ್ತಿರ 10,000 ಜನ ಸತ್ತರು. ಬಹುತೇಕರ ಮೇಲೆ ಬಿದ್ದದ್ದು ಅವರದೇ ಮನೆಯ ಕಲ್ಲುಗೋಡೆ ಮತ್ತು ಮಾಳಿಗೆಯ, ಅಂದರೆ ಚಾವಣಿಯ, ಮಣ್ಣು. ಆಮೇಲೆ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದರು. ಎಲ್ಲರೂ ಮಾತಾಡುವುದು ಅದರ ಬಗ್ಗೆಯೇ. ನನಗೆ ಜಾಸ್ತಿ ಆಸಕ್ತಿ ಇರುವುದು ಇನ್ನೊಂದು ಕೆಲಸದಲ್ಲಿ: ಇದ್ದ ಜಾಗದಲ್ಲೇ, ಇದ್ದ ಮನೆಗಳನ್ನೇ ಭದ್ರ ಮಾಡಿದ್ದು. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಮನೆಗಳು ಲಕ್ಷಕ್ಕೂ ಹೆಚ್ಚು.

ಆ ಗೋಡೆಯ ಒಳಗೆ ಏನಿರುತ್ತದೆ ಗೊತ್ತಾ? ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ನೋಡಲು ಒಂದೇ ಗೋಡೆ, ನಿಜಕ್ಕೂ ಎರಡು. ನಡುಗಿದಾಗ ನಡುವಿನ ಚೂರು ಕೆಳಗೆ ಜಾರುತ್ತದೆ, ಹೊರಸಾಲು ಹೊಟ್ಟೆ ಬಿಟ್ಟು ಉರುಳುತ್ತದೆ.

ಅದಕ್ಕೇ ಮಾದರಿಯಲ್ಲಿ ಎರಡು ಬಗೆಯ ಗೋಡೆ ಕಟ್ಟಿದೆ. ಒಂದು ಹಳೇ ರೀತಿಯದು. ಇನ್ನೊಂದಕ್ಕೆ ಗೋಡೆಯ ಪೂರ್ತಿ ದಪ್ಪಕ್ಕೆ ಬರುವ ಅಡ್ಡಗಲ್ಲು ಇಟ್ಟೆ. ನಿಜವಾದ ಮನೆಯಲ್ಲಿ 60 ಸೆಂಟಿಮೀಟರ್ ಎತ್ತರಕ್ಕೊಂದು ಸಾಲು, ಸಾಲಿನಲ್ಲಿ ಕಲ್ಲಿಂದ ಕಲ್ಲಿಗೆ 1.2 ಮೀಟರ್ ಮೀರಬಾರದು. ಇಲ್ಲಿ ಅದು 6 ಮತ್ತು 12 ಸೆಂಟಿಮೀಟರ್. ಜಲ್ಲಿಕಲ್ಲಿನ ರಾಶಿಯಲ್ಲಿ ಉದ್ದನೆಯವನ್ನು ಆರಿಸುವುದೇ ದೊಡ್ಡ ಕೆಲಸವಾಯಿತು. ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುವ ಆಳಂದ ಕಡೆಯ ಗೌಂಡಿ ಕಾಕಾ ಸಂಜೆ ಬಂದು ನೋಡಿದರು. "ಎರಡೂ ಸಾಲಿನ ಕೈ ಹಿಡಿಸಬೇಕ್ರೀ ಸರ, ಇಲ್ಲಾಂದ್ರ ಒಂದ್ ಆಕಡಿ, ಒಂದ್ ಈಕಡಿ ಬೀಳ್ತಾವ" ಅಂದರು. ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬರುವುದಿಲ್ಲ.

ಈಗಾಗಲೇ ನಿಂತಿರುವ ಗೋಡೆಗೆ ಅಡ್ಡಗಲ್ಲು ಇಡುವುದು ಹೇಗೆ? ನಿಧಾನವಾಗಿ ಕಲ್ಲು ಬಿಡಿಸಿ ಆರಪಾರ ತೂತು ಮಾಡುತ್ತಾರೆ. ಎರಡೂ ತುದಿ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬುತ್ತಾರೆ. ಮಾದರಿಯ ಒಂದು ಮೂಲೆಯಲ್ಲಿ ಬೈಂಡಿಂಗ್ ವೈರ್ ಬಳಸಿ ಇದನ್ನೂ ಮಾಡಿದ್ದೇನೆ.

ಹಲಗೆಯ ಕೆಳಗೆ ಗೋಲಿ ಹಾಕಿ ಅಲುಗಾಡಿಸಿದಾಗ ಹಳೇ ರೀತಿಯ ಗೋಡೆಯ ಹೊರಸಾಲು ಬಾಗಿಲ ಪಕ್ಕದಿಂದ ಬಿಚ್ಚಿಕೊಂಡಿತು. ಅಡ್ಡಗಲ್ಲಿನ ಗೋಡೆ ಬಿರುಕು ಬಿಟ್ಟಿತು, ಆದರೆ ನಿಂತಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಅಳತೆ ಹತ್ತನೇ ಒಂದಾದರೆ ತೂಕ ಸಾವಿರದಲ್ಲೊಂದು ಆಗುತ್ತದೆ, ಅದನ್ನು ಹೊರುವ ಗೋಡೆಯ ಕ್ಷೇತ್ರಫಲ ಮಾತ್ರ ನೂರರಲ್ಲೊಂದಕ್ಕಷ್ಟೇ ಇಳಿಯುತ್ತದೆ, ಹಾಗಾಗಿ ಪುಟ್ಟ ಮನೆ ಯಾವಾಗಲೂ ನಿಜವಾದ ಮನೆಗಿಂತ ಗಟ್ಟಿ. ಇದು ತೋರಿಸಲಿಕ್ಕೆ ಸರಿ, ಲೆಕ್ಕ ಹಾಕಲಿಕ್ಕೆ ಅಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಬೀದರ್, ಕಲಬುರಗಿ ಕಡೆಯ ನಮ್ಮ ಎಷ್ಟೋ ಜನ ಇಲ್ಲಿ ದುಡಿದು ಊರಿನ ಹಳೇ ಗೋಡೆ ಮೇಲೆ ಸ್ಲ್ಯಾಬ್ ಹಾಕಿಸುತ್ತಾರೆ. ಗೋಡೆಯ ಒಳಗನ್ನು ಯಾರೂ ನೋಡುವುದಿಲ್ಲ. ದಯವಿಟ್ಟು ಮೊದಲು ಗೋಡೆ ತೋರಿಸಿ, ಆಮೇಲೆ ಸ್ಲ್ಯಾಬ್.

ಮುಂದಿನ ವಾರ ಮಾಳಿಗೆ. ಮರದ ಕಂಬ, ತೊಲೆ ಕೂರಿಸಿ ಮೇಲೆ ಮಣ್ಣು ಹಾಕಬೇಕು. ಸೋರದಿರಲಿ ಅಂತ ವರ್ಷ ವರ್ಷ ಮಣ್ಣು ಏರಿಸುತ್ತಿದ್ದರಲ್ವಾ, ಹಾಗೇ ಪದರ ಪದರವಾಗಿ ಏರಿಸಿ ನೋಡುತ್ತೇನೆ. ತೊಲೆಗೆ ಒಣಗಿದ ಬೇವಿನ ಕಡ್ಡಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.