ಹೊಳೆ ಏರುವ ಮುಂಚೆ ಕಂಪ್ಲಿಯವರು ಹಾಕಬೇಕಾದ ಲೆಕ್ಕ

ಮಳೆಗಾಲದಲ್ಲಿ ಕಂಪ್ಲಿಯ ಚಹಾದಂಗಡಿಗಳಲ್ಲಿ ಮೊದಲು ಬರುವ ಪ್ರಶ್ನೆ, ‘ಟಿಬಿ ಡ್ಯಾಮಿನಾಗ ಎಷ್ಟು ಗೇಟ್ ಎತ್ಯಾರ?’ ಟಿಬಿ ಡ್ಯಾಮ್ ಅಂದರೆ ಊರಿನ ಮೇಲ್ಭಾಗದಲ್ಲಿರುವ ತುಂಗಭದ್ರಾ ಜಲಾಶಯ. ಆದರೆ ಗೇಟಿನ ಸಂಖ್ಯೆಯಿಂದ ಹೊಳೆಯ ಮಟ್ಟ ತಿಳಿಯುವುದಿಲ್ಲ. 33 ಗೇಟುಗಳನ್ನೂ ಒಂದೊಂದು ಅಡಿ ಎತ್ತಿದಾಗ ಬರುವ ನೀರಿಗಿಂತ, 20 ಗೇಟುಗಳನ್ನು ಎರಡೂವರೆ ಅಡಿ ಎತ್ತಿದಾಗ ಬರುವ ನೀರೇ ಹೆಚ್ಚು.

ನೋಡಬೇಕಾದದ್ದು ಸಂಗ್ರಹ, ಒಳಹರಿವು, ಹೊರಹರಿವು. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 11,574 ಕ್ಯುಸೆಕ್ ನೀರು 24 ತಾಸು ಹರಿದರೆ ಒಂದು ಟಿಎಂಸಿ. ಜಲಾಶಯದ ಪೂರ್ಣಮಟ್ಟ 1,633 ಅಡಿ, ಆಗ ನಿಲ್ಲುವುದು 105.788 ಟಿಎಂಸಿ. ಸಂಗ್ರಹ 100 ಟಿಎಂಸಿ ಇದೆ, ಒಳಹರಿವು 1,20,000, ಹೊರಹರಿವು 20,000 ಕ್ಯುಸೆಕ್ ಎಂದುಕೊಳ್ಳಿ. ದಿನಕ್ಕೆ ಎಂಟೂವರೆ ಟಿಎಂಸಿಗೂ ಹೆಚ್ಚು ತುಂಬುತ್ತದೆ. ಉಳಿದಿರುವ ಜಾಗ ಆರು ಟಿಎಂಸಿಯೂ ಇಲ್ಲ. ಅಂದರೆ ಸುಮಾರು ಹದಿನಾರು ತಾಸಿನಲ್ಲಿ ಡ್ಯಾಮ್ ಭರ್ತಿ, ಆಮೇಲೆ ಬಂದಷ್ಟೂ ನೀರು ಹೊಳೆಗೆ. ಬೆಳಗ್ಗೆ 20,000 ಎಂದು ಓದಿ ನೆಮ್ಮದಿಯಿಂದ ಮಲಗಿದವರ ಮನೆಗೆ ನಡುರಾತ್ರಿ ನೀರು ಬರುವುದು ಹೀಗೆಯೇ. ಹೊರಹರಿವಿನಲ್ಲಿ ಕಾಲುವೆಗಳ ನೀರೂ ಸೇರಿರುತ್ತದೆ. ಹೊಳೆಗೆ ಬಿಟ್ಟದ್ದೆಷ್ಟು ಎಂದು ಬೇರೆಯಾಗಿ ಕೇಳಿ.

ಹೊಳೆಯ ಮೇಲ್ಭಾಗದ ಮಳೆಯನ್ನೂ ಗಮನಿಸಬೇಕು. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಬೇಗ ತುಂಬಿ ನೀರನ್ನು ಮುಂದಕ್ಕೆ ಕಳಿಸಿಬಿಡುತ್ತದೆ. ಲಕ್ಕವಳ್ಳಿಯ ಭದ್ರಾ ತುಂಬುವ ತನಕ ಹಿಡಿದಿಡುತ್ತದೆ. ಭದ್ರಾ 186 ಅಡಿ ಮುಟ್ಟಿ, ಅದೇ ಹೊತ್ತಿಗೆ ವರದಾ ನದಿಯೂ ಉಕ್ಕಿದರೆ ನಮಗೆ ಕಷ್ಟ.

2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾದ ಮೇಲೆ ಇನ್ನೊಂದು ವಿಷಯ ಸೇರಿತು. 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಮಿತಿ ಇಳಿದಷ್ಟೂ ಅದೇ ಮಳೆಗೆ ಹೊಳೆ ಬೇಗ ತುಂಬುತ್ತದೆ. ಆಯಾ ವರ್ಷ ಯಾವ ಮಿತಿ ಇದೆ ಎಂದು ತಿಳಿದುಕೊಂಡೇ ಮೇಲಿನ ಲೆಕ್ಕ ಹಾಕಬೇಕು.

ಗಂಗಾವತಿ ಕಡೆಯ ಸೇತುವೆ ತಗ್ಗಿನದು. ಅದು ಮುಳುಗಿದರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿ ಹೋಗಬೇಕು. ನೀರು ಇಳಿದ ಕೂಡಲೇ ಬೈಕ್ ಹತ್ತಿಸಬೇಡಿ. ಅಂತರಗಂಗೆ, ಮರದ ದಿಮ್ಮಿ ಕಂಬಿಗಳಿಗೆ ಸಿಕ್ಕಿಕೊಂಡಾಗ ಹರಿವಿನ ಒತ್ತಡವೆಲ್ಲ ಅಲ್ಲೇ ಬೀಳುತ್ತದೆ. ಕಂಬಿ ಕಿತ್ತಿರುತ್ತದೆ, ಕೆಳಗೆ ಕಂಬದ ಬುಡದ ಮಣ್ಣು ಕೊರೆದುಹೋಗಿರಬಹುದು, ಅದು ಮೇಲಿಂದ ಕಾಣುವುದಿಲ್ಲ. ಎಂಜಿನಿಯರುಗಳು ನೋಡಿ ಬಿಟ್ಟ ಮೇಲೆಯೇ ದಾಟಿ.

ಹೊಳೆದಂಡೆಯ ಪಂಪ್‌ಸೆಟ್‌ಗಳನ್ನು ಹಗಲಿದ್ದಾಗಲೇ ಬಿಚ್ಚಬೇಕು. ಮೊದಲು ಫ್ಯೂಸ್ ತೆಗೆಯಿರಿ, ಆಮೇಲೆ ಸ್ಟಾರ್ಟರ್, ಕೊನೆಗೆ ಮೋಟಾರ್. ವೈರಿನ ತುದಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿದರೆ ತಿರುಗಿ ಕೂಡಿಸುವಾಗ ಮೋಟಾರ್ ಉಲ್ಟಾ ತಿರುಗುವುದಿಲ್ಲ. ನೀರಿನಲ್ಲಿ ಮುಳುಗಿದ ಮೋಟಾರನ್ನು ಬಿಸಿಲಿಗಿಟ್ಟು ಸಂಜೆಗೇ ಸ್ವಿಚ್ ಹಾಕುವುದು ದೊಡ್ಡ ತಪ್ಪು. ಹೊರಗೆ ಒಣಗಿದಂತೆ ಕಂಡರೂ ವೈಂಡಿಂಗ್ ಒಳಗೆ ಹಸಿ ಇರುತ್ತದೆ, ಸುಡುತ್ತದೆ. ಬಿಚ್ಚಿ, ಕೆಸರನ್ನು ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೇರಿಂಗಿನ ಗ್ರೀಸ್ ಬದಲಿಸಬೇಕು. ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಮೆಗ್ಗರ್‌ನಲ್ಲಿ ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಇನ್ನೂ ಒಣಗಿಲ್ಲ ಎಂದೇ ಲೆಕ್ಕ.