ಸೋಲ್ಚಾವಾದ ಉಬ್ಬುನಕ್ಷೆ: ಉತ್ತರದ ಇಳಿಜಾರಿಗೆ ತಲುಪಿದ ಕೆಲಸ

ಸ್ಲೊವೇನಿಯಾದ ಸೋಲ್ಚಾವಾ ಪುರಸಭೆಯ ರಟ್ಟಿನ ಉಬ್ಬುನಕ್ಷೆಯಲ್ಲಿ ದಕ್ಷಿಣದ ಪರ್ವತಸಾಲು ಮುಗಿದಿದೆ. 1:25,000 ಪ್ರಮಾಣದಲ್ಲಿ ಮಾಡುತ್ತಿದ್ದೇನೆ. ಪುಸ್ತಕ ಕಟ್ಟುವವರು ಬಳಸುವ 2 ಮಿಲಿಮೀಟರ್ ದಪ್ಪದ ರಟ್ಟು ಈ ಪ್ರಮಾಣದಲ್ಲಿ ಸರಿಯಾಗಿ 50 ಮೀಟರ್ ಎತ್ತರವಾಗುತ್ತದೆ. ಆದ್ದರಿಂದ ಬೆಟ್ಟಗಳ ಎತ್ತರವನ್ನು ಹಿಗ್ಗಿಸಿ ತೋರಿಸುವ ಅಗತ್ಯವೇ ಬೀಳಲಿಲ್ಲ. ಸಾವಿನ್ಯಾ ನದಿ ಪುರಸಭೆಯನ್ನು ಬಿಟ್ಟು ಹೊರಡುವ ಸುಮಾರು 600 ಮೀಟರಿನ ಮಟ್ಟದಿಂದ ಹಿಡಿದು ಅತಿ ಎತ್ತರದ ಶಿಖರಗಳವರೆಗೆ ಮೂವತ್ತೇಳು ಪದರ, ಒಟ್ಟು ಸುಮಾರು ಏಳೂವರೆ ಸೆಂಟಿಮೀಟರ್.

ಸೋಲ್ಚಾವಾ ಇರುವುದು ಆಸ್ಟ್ರಿಯಾದ ಗಡಿಗೆ ಅಂಟಿಕೊಂಡು, ಕಾಮ್ನಿಕ್–ಸಾವಿನ್ಯಾ ಆಲ್ಪ್ಸ್‌ನ ಮಡಿಲಲ್ಲಿ. ವಿಸ್ತೀರ್ಣ ಸುಮಾರು 103 ಚದರ ಕಿಲೋಮೀಟರ್, ಜನಸಂಖ್ಯೆ ಐನೂರರ ಆಸುಪಾಸು, ಊರುಗಳು ನಾಲ್ಕೇ. 1998ರಲ್ಲಿ ಲೂಚೆ ಪುರಸಭೆಯಿಂದ ಬೇರ್ಪಟ್ಟಿತು. ಇಷ್ಟು ಕಡಿಮೆ ಜನ ಇಷ್ಟು ಕಡಿದಾದ ನೆಲದಲ್ಲಿ ಹೇಗೆ ನೆಲೆ ನಿಂತರು ಎಂಬ ಕುತೂಹಲವೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು.

ಲೊಗಾರ್ಸ್ಕಾ ಕಣಿವೆಯನ್ನು ಕತ್ತರಿಸಿದ್ದು ಈವರೆಗಿನ ಅತ್ಯಂತ ಖುಷಿಯ ಭಾಗ. ಹಿಮನದಿ ಕೊರೆದ ಈ ಕಣಿವೆ ಸುಮಾರು 7 ಕಿಲೋಮೀಟರ್ ಉದ್ದವಿದೆ, ಮಾದರಿಯಲ್ಲಿ 28 ಸೆಂಟಿಮೀಟರ್. ಅಷ್ಟುದ್ದದ ನೆಲಕ್ಕೆ ಕೆಲವೇ ಪದರಗಳು ಸಾಕಾದವು. ಅದರ ತುದಿಯಲ್ಲಿ ಮಾತ್ರ ಸಮೋನ್ನತ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಒಂದರ ಮೇಲೊಂದು ಕೂರುವಷ್ಟು ಹತ್ತಿರ ಬಂದು, ಇಪ್ಪತ್ತಕ್ಕೂ ಹೆಚ್ಚು ಪದರಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಅಲ್ಲಿಯ ಪ್ಲಾನ್ಯಾವಾ ಶಿಖರದ ಎತ್ತರ 2,394 ಮೀಟರ್. 90 ಮೀಟರಿನ ರಿಂಕಾ ಜಲಪಾತಕ್ಕೆ ನನ್ನ ರಟ್ಟಿನಲ್ಲಿ ನಾಲ್ಕು ಮಿಲಿಮೀಟರೂ ದಕ್ಕಲಿಲ್ಲ. ಜಲಪಾತದ ಕೆಳಗೆ ನೀರು ಜಲ್ಲಿಯೊಳಗೆ ಇಂಗಿಹೋಗಿ, ಎಷ್ಟೋ ಕೆಳಗೆ ಚರ್ನಾ ಎಂಬ ಬುಗ್ಗೆಯಾಗಿ ಮತ್ತೆ ಹೊರಬರುತ್ತದೆ. ಹಾಗಾಗಿ ನದಿಯ ನೀಲಿ ಗೆರೆಯನ್ನು ನಡುವೆ ಕಡಿದೇ ಬಿಟ್ಟಿದ್ದೇನೆ.

ಉತ್ತರದ ಒಲ್ಶೆವಾ ಬೆಟ್ಟದ ಇಳಿಜಾರನ್ನು ಅಂಟಿಸಿದ ಮೇಲೆ ಒಂದು ಪರೀಕ್ಷೆ ಮಾಡಿದೆ. ಆ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಸೂರ್ಯ ನಡುಮಧ್ಯಾಹ್ನವೂ 20 ಡಿಗ್ರಿಯಷ್ಟೇ ಮೇಲೇರುತ್ತಾನೆ. ಟಾರ್ಚನ್ನು ದಕ್ಷಿಣದಿಂದ ಅದೇ ಕೋನದಲ್ಲಿ ಹಿಡಿದೆ. ಲೊಗಾರ್ಸ್ಕಾದ ಮೇಲ್ಭಾಗವೆಲ್ಲ ಬೆಟ್ಟದ ನೆರಳಿನಲ್ಲಿ ಮುಳುಗಿತು, ಒಲ್ಶೆವಾದ ದಕ್ಷಿಣ ಇಳಿಜಾರು ಪೂರ್ತಿ ಬೆಳಗಿತು. ಪೊದೊಲ್ಶೆವಾ ಊರಿನ ಹಳೆಯ ತೋಟದ ಮನೆಗಳು, ಒಂದಕ್ಕೊಂದು ದೂರ ದೂರವಾಗಿ, ಇರುವುದೆಲ್ಲ ಆ ಬೆಳಕಿನಲ್ಲೇ! ಪ್ರತಿ ಮನೆಗೂ ಸುತ್ತ ತನ್ನದೇ ಹುಲ್ಲುಗಾವಲು, ಮೇಲೆ ಕಾಡು. ರದೂಹಾ ಬೆಟ್ಟದ ಪಕ್ಕದ ಬುಕೊವ್ನಿಕ್ ಅಂತೂ 1,327 ಮೀಟರ್ ಎತ್ತರದಲ್ಲಿದೆ. ಸ್ಲೊವೇನಿಯಾದಲ್ಲಿ ಅದಕ್ಕಿಂತ ಮೇಲಿನ ತೋಟದ ಮನೆ ಇಲ್ಲ. ಇಲ್ಲಿಯ ಚರಿತ್ರೆಯನ್ನು ಕಣಿವೆಯಿಂದಲ್ಲ, ಬಿಸಿಲಿನಿಂದ ಓದಬೇಕು ಎಂದು ಅಂದಿನಿಂದ ನನಗೆ ದೃಢವಾಗಿದೆ.

ಶಿಲಾಯುಗದ ಜನರ ಸುಳಿವು ಸಿಕ್ಕಿದ್ದೂ ಒಲ್ಶೆವಾದ ಇದೇ ಇಳಿಜಾರಿನಲ್ಲಿ. 1,600 ಮೀಟರಿಗೂ ಮೇಲಿರುವ ಪೊತೊಚ್ಕಾ ಜಿಯಾಲ್ಕಾ ಗುಹೆಯಲ್ಲಿ 1928ರಿಂದ ಪುರಾತತ್ವಜ್ಞ ಸ್ರೆಚ್ಕೊ ಬ್ರೊದಾರ್ ನಡೆಸಿದ ಉತ್ಖನನದಲ್ಲಿ ಗುಹಾಕರಡಿಯ ಎಲುಬುಗಳ ಜೊತೆ ಮನುಷ್ಯರು ಮಾಡಿದ ನೂರಕ್ಕೂ ಹೆಚ್ಚು ಮೂಳೆಯ ಮೊನೆಗಳು ದೊರೆತವು. ಆ ಗುಹೆಯ ಜಾಗಕ್ಕೆ ಕೆಂಪು ಗುಂಡುಸೂಜಿ ಚುಚ್ಚಿದ್ದೇನೆ.

ಬದುಕು ನಡೆಸಿದ್ದು ಮರ ಮತ್ತು ಕುರಿ. ಹೊರಜಗತ್ತಿಗೆ ದಾರಿ ಮಾತ್ರ ಇಕ್ಕಟ್ಟು: ಲೂಚೆ ಕಡೆಯ ಕಮರಿಯಲ್ಲಿ ಇಗ್ಲಾ ಎಂಬ ಬಂಡೆಯ ಸಂದಿನಲ್ಲಿ ಕಾಲುದಾರಿಯಿತ್ತು, ಬಂಡಿಯ ರಸ್ತೆ ಬಂದದ್ದು 19ನೆಯ ಶತಮಾನದ ಕೊನೆಗೆ. ಯೆಜೆರ್ಸ್ಕೊ–ಸೋಲ್ಚಾವಾ ತಳಿಯ ಕುರಿ ಸ್ಥಳೀಯ ಕುರಿಗೆ ಇಟಲಿಯ ಬೆರ್ಗಾಮೊ, ಪಾದುವಾ ತಳಿಗಳನ್ನು ಕೂಡಿಸಿ ಬಂದದ್ದು. ಬಿಳಿ ಮುಖ, ಕಣ್ಣಿನ ಸುತ್ತ ಕಪ್ಪು ಮಚ್ಚೆ. ಅದರ ಉಣ್ಣೆಯನ್ನು ಒತ್ತಿ ಮಾಡುವ ಚಪ್ಪಲಿ, ಟೋಪಿಗಳನ್ನು ಇಂದು ಪ್ರವಾಸಿಗರು ಕೊಳ್ಳುತ್ತಾರೆ. ಲೊಗಾರ್ಸ್ಕಾ ಕಣಿವೆಯನ್ನು 1987ರಲ್ಲಿ ಭೂದೃಶ್ಯ ಉದ್ಯಾನವೆಂದು ಘೋಷಿಸಲಾಯಿತು. ಮುಂದೆ ಅದರ ನಿರ್ವಹಣೆಗೆ ಅಲ್ಲಿಯ ಭೂಮಾಲೀಕರೇ ಸೇರಿ ಕಂಪನಿ ಕಟ್ಟಿಕೊಂಡರು. ಇದು ನನಗೆ ತುಂಬ ಹಿಡಿಸಿದ ಸಂಗತಿ. ನೆಲ ಬಲ್ಲವರ ಕೈಯಲ್ಲೇ ಕಾವಲು ಇರುವುದು ಒಳ್ಳೆಯದು.

ಉಳಿದಿರುವುದು ಗಡಿಯ ಪಾವ್ಲಿಚೆವೊ ಕಣಿವೆದಾರಿ, ರೊಬಾನೊವ್ ಕೋತ್ ಕಣಿವೆ, ಮತ್ತು ತೋಟದ ಮನೆಗಳನ್ನು ಪೋಣಿಸುವ 37 ಕಿಲೋಮೀಟರಿನ ವಿಹಂಗಮ ರಸ್ತೆ. ರಸ್ತೆಗೆ ತೆಳು ತಾಮ್ರದ ತಂತಿ ತಂದಿಟ್ಟಿದ್ದೇನೆ. ಬಣ್ಣ ಹಚ್ಚುವ ಮೊದಲು ಅದನ್ನು ಕೂರಿಸಬೇಕು.